ಮುಖವಾಡಗಳಿಗೆ ಮನೆ ಕಟ್ಟಿದ ಎಚ್.ಎಲ್. ನಾಗೇಗೌಡರು

ನಾಡೋಜ ಎಚ್.ಎಲ್. ನಾಗೇಗೌಡರು ನಮ್ಮನ್ನಗಲಿ ಎರಡು ದಶಕಗಳು ಸಂದಿವೆ. 2005ರ ಸೆಪ್ಟೆಂಬರ್ 22ರಂದು ಅವರು ತೀರಿಕೊಂಡಾಗ ಕನ್ನಡ ನಾಡು ಒಬ್ಬ ದಕ್ಷ ಆಡಳಿತಗಾರನನ್ನು, ಕಾದಂಬರಿಕಾರನನ್ನು, ಎಲ್ಲಕ್ಕಿಂತ ಮಿಗಿಲಾಗಿ ಜಾನಪದದ ಮಹಾ ಸಂಗ್ರಾಹಕನನ್ನು ಕಳೆದುಕೊಂಡಿತು. ಅವರ ಬರವಣಿಗೆಯ ಬಗ್ಗೆ, ಅವರು ಕಟ್ಟಿದ ಸಂಸ್ಥೆಗಳ ಬಗ್ಗೆ ಸಾಕಷ್ಟು ಲೇಖನಗಳು ಬಂದಿವೆ. ಈ ಲೇಖನವು ಅವರ ಬದುಕನ್ನು ಇನ್ನೊಂದು ಬಾಗಿಲಿನಿಂದ ಪ್ರವೇಶಿಸುತ್ತದೆ. ಆ ಬಾಗಿಲು ಮರದ ಮುಖವಾಡ. ಹಳ್ಳಿಯ ಗುಡಿಯ ಮುಂದೆ ಕುಣಿಯುವ ಮುಖವಾಡವನ್ನು ತಂದು ಇರಿಸಿಕೊಳ್ಳುವವನು ನಿಜವಾಗಿ ಏನನ್ನು ಉಳಿಸುತ್ತಾನೆ, ಏನನ್ನು ಕಳೆಯುತ್ತಾನೆ ಎಂಬ ಪ್ರಶ್ನೆಗೆ ನಾಗೇಗೌಡರ ಜೀವನವೇ ಒಂದು ಉತ್ತರವಾಗಿದೆ.

ಪ್ರಶ್ನೆ ಹಳೆಯದು; ಅದರ ಬಿಸಿ ಇಂದಿಗೂ ಆರಿಲ್ಲ. ಆಫ್ರಿಕಾ ಖಂಡದ ಮರದ ಮುಖವಾಡಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೈನಿಕರು, ವರ್ತಕರು, ಪಾದ್ರಿಗಳು ಮತ್ತು ವಸಾಹತು ಅಧಿಕಾರಿಗಳ ಸಾಮಾನಿನೊಂದಿಗೆ ಯುರೋಪಿಗೆ ಹರಿದುಬಂದವು. ಪ್ಯಾರಿಸ್ಸಿನ ಟ್ರೊಕಾಡೆರೊ ಸಂಗ್ರಹಾಲಯದಲ್ಲಿ ಅವುಗಳನ್ನು ಕಂಡ ಪಿಕಾಸೊ ಬೆರಗಾದನು. 1907ರಲ್ಲಿ ಅವನು ಬರೆದ ಅವಿನ್ಯೋನ್ ಹೆಂಗಳೆಯರ ಚಿತ್ರದಲ್ಲಿ ಬಲಬದಿಯ ಮುಖಗಳಿಗೆ ಆ ಮುಖವಾಡಗಳ ಛಾಯೆಯಿದೆಯೆಂದು ವಿಮರ್ಶಕರು ಗುರುತಿಸಿದ್ದಾರೆ. ಕಲಾವಿದರು ಮೆಚ್ಚಿದ್ದನ್ನು ಸಿರಿವಂತರು ಕೊಳ್ಳತೊಡಗಿದರು. ಕಪ್ಪು ಮೆರುಗಿನ ಬಾವುಲೆ ಮುಖ, ಬಿಳಿ ಬಳಿದ ಪುನು ಮುಖ, ಎತ್ತರದ ಕಿರೀಟವಿರುವ ಡೊಗೊನ್ ಮುಖ ಎಂದು ಬುಡಕಟ್ಟಿನ ಹೆಸರು ಹಿಡಿದು ಬೆಲೆ ಕಟ್ಟುವ ಪರಿಪಾಠ ಬೆಳೆಯಿತು.

ಆದರೆ ಆ ಮುಖಗಳು ಒಂಟಿಯಾಗಿ ಎಂದೂ ಬಾಳಿದವಲ್ಲ. ನಾರಿನ ಉಡುಗೆ, ಕೊರಳ ಹಾಡು, ಡೋಲಿನ ಬಡಿತ, ಕುಣಿಯುವ ಮೈ, ಸುತ್ತ ನಿಂತ ಊರು, ಇವೆಲ್ಲ ಕೂಡಿದಾಗ ಮಾತ್ರ ಅದು ಮುಖವಾಡ. ಕೊಂಡೊಯ್ದವರಲ್ಲಿ ಹೆಚ್ಚಿನವರು ನಾರಿನ ಉಡುಗೆಯನ್ನು ಕಿತ್ತೆಸೆದು ಮರದ ತುಂಡನ್ನಷ್ಟೇ ಗೋಡೆಗೆ ತೂಗುಹಾಕಿದರು. ಕೆತ್ತಿದವನ ಹೆಸರನ್ನು ಕೇಳಿ ಬರೆದುಕೊಂಡವರು ತೀರ ವಿರಳ.

ಇದರ ಪರಿಣಾಮವೇನೆಂಬುದಕ್ಕೆ ಈಚಿನ ನಿದರ್ಶನವೊಂದಿದೆ. ಗಬಾನ್ ದೇಶದ ಫಾಂಗ್ ಜನರಲ್ಲಿ ಎನ್‌ಗಿಲ್ ಎಂಬ ಮುಖವಾಡವಿತ್ತು. ಊರಲ್ಲಿ ಮಾಟ, ಕಳವು, ಅನ್ಯಾಯ ನಡೆದಾಗ ಅದನ್ನು ತೊಟ್ಟವರು ಬಂದು ನ್ಯಾಯ ಹೇಳುತ್ತಿದ್ದರು. ಅಂಥದೊಂದು ಮುಖವಾಡ ಫ್ರಾನ್ಸಿನ ವೃದ್ಧ ದಂಪತಿಯ ಮನೆಯ ಅಟ್ಟದಲ್ಲಿ ಉಳಿದುಬಂದಿತ್ತು. 2021ರಲ್ಲಿ ವ್ಯಾಪಾರಿಯೊಬ್ಬರು ಅದನ್ನು 150 ಯೂರೋ ಕೊಟ್ಟು ಕೊಂಡರು. 2022ರ ಮಾರ್ಚ್ ತಿಂಗಳಲ್ಲಿ ಮೊಂಪೆಲಿಯೆ ನಗರದ ಹರಾಜಿನಲ್ಲಿ ಅದು 42 ಲಕ್ಷ ಯೂರೋಗೆ ಹೋಯಿತು. ದಂಪತಿ ನ್ಯಾಯಾಲಯದ ಮೆಟ್ಟಿಲೇರಿದರು. ಗಬಾನ್ ಸರಕಾರವೂ ಮುಖವಾಡ ತನ್ನದೆಂದು ವಾದಿಸಿತು. 2023ರ ಡಿಸೆಂಬರ್‌ನಲ್ಲಿ ಬಂದ ತೀರ್ಪಿನಲ್ಲಿ ಇಬ್ಬರ ಕೋರಿಕೆಯೂ ಮನ್ನಣೆ ಪಡೆಯಲಿಲ್ಲ. ಒಂದು ಕಾಲಕ್ಕೆ ನ್ಯಾಯ ಹೇಳುತ್ತಿದ್ದ ಮೊಗವೇ ನ್ಯಾಯಾಲಯದ ವಸ್ತುವಾಯಿತು. ಇಷ್ಟೆಲ್ಲ ನಡೆದರೂ ಅದನ್ನು ಕೆತ್ತಿದವನಾರೆಂಬ ಮಾತು ಹೊರಬರಲಿಲ್ಲ.

ಈ ಹಿನ್ನೆಲೆಯನ್ನು ನೆನಪಿನಲ್ಲಿರಿಸಿಕೊಂಡು ನಾಗೇಗೌಡರ ಕಡೆಗೆ ಬರೋಣ.

ಅವರು ಹುಟ್ಟಿದ್ದು 1915ರ ಫೆಬ್ರವರಿ 11ರಂದು, ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ, ಒಕ್ಕಲು ಮನೆತನದಲ್ಲಿ. ರಾಗಿ ಬೀಸುವಾಗ ಹಾಡು, ನಾಟಿ ಹಾಕುವಾಗ ಹಾಡು, ಮದುವೆಯ ಚಪ್ಪರದಲ್ಲಿ ಸೋಬಾನೆ, ಸುಗ್ಗಿ ಮುಗಿದ ಮೇಲೆ ಗುಡಿಯ ಮುಂದೆ ಕುಣಿತ: ಇದು ಆ ಸೀಮೆಯ ದಿನಚರಿ. ಮೈಸೂರಿನಲ್ಲಿ ಪದವಿ ಪಡೆದ ಅವರು ಕಾನೂನು ಓದಲು ಪುಣೆಗೆ ಬಂದರು. ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಇದು ಸಂತೋಷದ ಸಂಗತಿ. ಅನಂತರ ಮೈಸೂರು ಸಂಸ್ಥಾನದ ಆಡಳಿತ ಸೇವೆಗೆ ಸೇರಿ, ಮುಂದೆ ಐ.ಎ.ಎಸ್. ಅಧಿಕಾರಿಯಾದರು.

ಅಧಿಕಾರಿಯಾದವನಿಗೆ ಹಳ್ಳಿಗಳನ್ನು ಸುತ್ತುವುದು ಕರ್ತವ್ಯದ ಭಾಗ. ಕಂದಾಯ, ಜಮೀನು, ಬರಗಾಲ ಎಂದು ಕಡತ ಹಿಡಿದು ಹೋದವರು ಬಹಳ ಮಂದಿ. ನಾಗೇಗೌಡರು ಕಡತದ ಜೊತೆಗೆ ಕಿವಿಯನ್ನೂ ತೆರೆದಿಟ್ಟು ಹೋದರು. ಕೇಳಿದ ಪದಗಳನ್ನು ಬರೆದುಕೊಂಡರು, ಗ್ರಂಥಗಳನ್ನಾಗಿಸಿದರು. ಅವರ ಸಂಗ್ರಹಗಳಲ್ಲಿ ಸೋಬಾನೆ ಚಿಕ್ಕಮ್ಮನ ಪದಗಳು ಎಂಬುದನ್ನು ಇಲ್ಲಿ ವಿಶೇಷವಾಗಿ ಹೆಸರಿಸಬೇಕು. ಜನಪದ ಸಾಹಿತ್ಯವೆಂದರೆ ಕರ್ತೃ ಇಲ್ಲದ್ದು, ಯಾರದೂ ಅಲ್ಲದ್ದು ಎಂಬ ಮಾತು ಆಗ ಸಾಮಾನ್ಯವಾಗಿತ್ತು. ಈ ಪುಸ್ತಕದ ಮೇಲೆ ಹಾಡಿದ ಹೆಣ್ಣುಮಗಳ ಹೆಸರಿದೆ. ಹೇಳಿದವರನ್ನು ಮರೆತು ಹೇಳಿದ್ದನ್ನು ಮಾತ್ರ ಎತ್ತಿಕೊಂಡು ಬರುವುದು ಸಲ್ಲದು ಎಂಬ ಧೋರಣೆ ಅಲ್ಲಿಯೇ ಕಾಣುತ್ತದೆ.

ಅವರ ಇನ್ನೊಂದು ಸಾಹಸ ಪ್ರವಾಸಿ ಕಂಡ ಇಂಡಿಯಾ. ಬೇರೆ ಬೇರೆ ಶತಮಾನಗಳಲ್ಲಿ ಭಾರತಕ್ಕೆ ಬಂದುಹೋದ ವಿದೇಶೀ ಪ್ರವಾಸಿಗಳ ಬರಹಗಳನ್ನು ಎಂಟು ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ಹೊರಗಿನವನ ಕಣ್ಣಿಗೆ ನಮ್ಮ ನಾಡು ಹೇಗೆ ಕಂಡಿತು, ಅವನು ಏನನ್ನು ಮೆಚ್ಚಿದ, ಏನನ್ನು ಅಪಾರ್ಥ ಮಾಡಿಕೊಂಡ ಎಂಬುದನ್ನು ವರ್ಷಗಟ್ಟಲೆ ಓದಿದವರು ಅವರು. ಮುಂದೆ ತಾವೇ ಸಂಗ್ರಾಹಕರಾದಾಗ ಈ ಓದು ವ್ಯರ್ಥವಾಗಲಿಲ್ಲವೆಂದು ಅವರ ಕೆಲಸವನ್ನು ನೋಡಿದವರಿಗೆ ಅನಿಸದಿರದು. ದೊಡ್ಡಮನೆ ಎಂಬ ಅವರ ಕಾದಂಬರಿಯೂ ಹಳ್ಳಿಯ ಬಾಳನ್ನು ಒಳಗಿನಿಂದ ಕಂಡವರ ಬರಹ.

ನಿವೃತ್ತಿಯ ನಂತರ ಅವರು ವಿಶ್ರಾಂತಿ ಬಯಸಲಿಲ್ಲ. 1979ರಲ್ಲಿ ಜಾನಪದಕ್ಕೆಂದೇ ಒಂದು ಟ್ರಸ್ಟನ್ನು ಸ್ಥಾಪಿಸಿದರು. ಅದೇ ಮುಂದೆ ಕರ್ನಾಟಕ ಜಾನಪದ ಪರಿಷತ್ತಾಗಿ ಬೆಳೆಯಿತು. ಆ ಕಾಲದ ಹಳ್ಳಿಗಳ ಸ್ಥಿತಿಯನ್ನು ನೆನೆಯಬೇಕು. ಮಡಕೆಯ ಜಾಗಕ್ಕೆ ಪ್ಲಾಸ್ಟಿಕ್ ಬಿಂದಿಗೆ ಬಂದಿತ್ತು; ಒರಳು, ಬೀಸುಕಲ್ಲುಗಳನ್ನು ಗಿರಣಿ ಮೂಲೆಗೆ ತಳ್ಳಿತ್ತು; ಮರದ ಕೊಳಗ, ಸೇರು, ಕೂರಿಗೆಗಳು ಅಟ್ಟ ಸೇರಿದ್ದವು ಅಥವಾ ಒಲೆಗೆ ಹೋಗುತ್ತಿದ್ದವು. ಗುಡಿಗಳ ಜೀರ್ಣೋದ್ಧಾರ ನಡೆದಲ್ಲಿ ಹುಳ ಹಿಡಿದ ಹಳೆಯ ಮರದ ಮೂರ್ತಿಗಳಿಗೆ, ಮುಖಗಳಿಗೆ ಜಾಗವಿರುತ್ತಿರಲಿಲ್ಲ. ಇನ್ನೊಂದು ಕಡೆಯಿಂದ ಹಳೆಯ ಸಾಮಾನಿನ ದಲ್ಲಾಳಿಗಳು ಬರುತ್ತಿದ್ದರು. ಹೀಗೆ ಒಲೆ ಮತ್ತು ದಲ್ಲಾಳಿ ಎಂಬ ಎರಡು ಬಾಯಿಗಳ ನಡುವೆ ಸಿಕ್ಕಿದ ವಸ್ತುಗಳನ್ನು ನಾಗೇಗೌಡರು ಊರೂರು ಅಲೆದು ಕೂಡಿಹಾಕಿದರು.

ಈ ಹಾದಿಯಲ್ಲಿ ಅವರೊಬ್ಬರೇ ಇದ್ದರೆಂದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿಯೇ ಆರಂಭವಾಗಿತ್ತು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು, ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ಅದಕ್ಕಾಗಿ ದುಡಿದಿದ್ದರು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆ ಅದಕ್ಕೆ ನೆಲೆಯಾಯಿತು. ನಾಗೇಗೌಡರು ಅರಮನೆಯಿಂದ ಹೊರಗೆ, ಬಯಲಿನಲ್ಲಿ ತಮ್ಮ ಕನಸನ್ನು ಕಟ್ಟಿದರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರದ ಬಳಿ 15 ಎಕರೆಯಲ್ಲಿ ಜಾನಪದ ಲೋಕ ತಲೆಯೆತ್ತಿತು. 1994ರಲ್ಲಿ ಅದು ಜನರಿಗೆ ತೆರೆದುಕೊಂಡಾಗ ಅವರ ವಯಸ್ಸು 79.

ಅಲ್ಲಿನ ಲೋಕಮಹಲಿನಲ್ಲಿ ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣಗಳ ಜೊತೆಗೆ ಮುಖವಾಡಗಳೂ ನಿಂತಿವೆ. ಅವುಗಳಲ್ಲಿ ಸೋಮನ ಮುಖಗಳು ಮುಖ್ಯವಾದವು. ತುಮಕೂರು, ಹಾಸನ, ಮಂಡ್ಯ ಸೀಮೆಯ ಗ್ರಾಮದೇವತೆಗಳ ಗುಡಿಗಳಲ್ಲಿ ಸೋಮನ ಕುಣಿತ ನಡೆಯುತ್ತದೆ. ಸೋಮನೆಂದರೆ ದೇವಿಯ ಕಾವಲುಗಾರ, ಊರಿನ ಕಾಪು. ಹೆಚ್ಚಾಗಿ ಗಂಗಾಮತಸ್ಥರು ಇದನ್ನು ನಡೆಸಿಕೊಂಡು ಬಂದಿದ್ದಾರೆ. ಮರದಲ್ಲಿ ಕೆತ್ತಿ ಗಾಢ ಬಣ್ಣ ಬಳಿದ ದೊಡ್ಡ ಮೊಗ, ಅಗಲವಾಗಿ ತೆರೆದ ಕಣ್ಣು, ಹುರಿಮೀಸೆ. ಕೆಂಪು ಬಣ್ಣದ್ದಾದರೆ ಕೆಂಚರಾಯ, ಬಣ್ಣ ಬದಲಾದರೆ ಹೆಸರೂ ಬದಲು. ತೊಟ್ಟವನು ನೆರಿಗೆಯ ಲಂಗ, ಕೆಂಪು ನಿಲುವಂಗಿ ಧರಿಸಿ, ನವಿಲುಗರಿ ಸಿಕ್ಕಿಸಿ, ಕೋಲು ಹಿಡಿದು, ಡೋಲು ಮತ್ತು ಮೌರಿಯ ನಾದಕ್ಕೆ ಹೆಜ್ಜೆ ಹಾಕುತ್ತಾನೆ. ಭಕ್ತರು ಅಕ್ಕಿ, ಕಾಯಿ ಒಪ್ಪಿಸುತ್ತಾರೆ. ಅಂದು ಆ ಮರಕ್ಕೆ ಮೈಬರುತ್ತದೆ. ಉಳಿದ ದಿನಗಳಲ್ಲಿ ಅದು ಗುಡಿಯೊಳಗೆ ಪೂಜೆಗೊಳ್ಳುತ್ತದೆ. ನಾಗೇಗೌಡರು ಹುಟ್ಟಿದ ನಾಗಮಂಗಲವೂ ಇದೇ ಸೀಮೆಗೆ ಸೇರಿದ್ದು.

ಇಂಥ ಮೊಗ ಸಂಗ್ರಾಹಕನನ್ನು ಏಕೆ ಸೆಳೆಯುತ್ತದೆ? ಉಳಿಯ ಗುರುತಿನ ಒರಟು ಬಲ ಒಂದು ಕಾರಣ. ಬಣ್ಣದ ಮೇಲೆ ಬಣ್ಣ ಏರಿ, ಎಣ್ಣೆ, ಕುಂಕುಮ, ಹೊಗೆ, ಬೆವರು ಕೂಡಿ ಮೂಡಿದ ಹಳಮೆಯ ಹೊಳಪು ಇನ್ನೊಂದು. ಮುಖವಾಡದ ಒಳಬದಿಯನ್ನು ತಿರುಗಿಸಿ, ಹಣೆ ಗಲ್ಲಗಳು ತಾಗುವಲ್ಲಿ ಮರ ಸವೆದಿದೆಯೇ ಎಂದು ನೋಡುವುದು ಬಲ್ಲವರ ಮೊದಲ ಪರೀಕ್ಷೆ. ಸವೆದಿದ್ದರೆ ಅದು ನಿಜವಾಗಿ ಕುಣಿದ ಮೊಗ. ಈ ಸವಕಲಿಗೇ ಹೆಚ್ಚಿನ ಬೆಲೆಯಾದುದರಿಂದ ಸವೆತವನ್ನೇ ಕೃತಕವಾಗಿ ಮಾಡಿ ಮಾರುವ ಕಸುಬೂ ಹುಟ್ಟಿಕೊಂಡಿದೆ. ಆಫ್ರಿಕಾದ ಹಲವೆಡೆ ಹೊಸದಾಗಿ ಕೆತ್ತಿದ ಮುಖವಾಡಗಳಿಗೆ ಹೊಗೆ ಹಿಡಿಸಿ, ಮಣ್ಣು ಮೆತ್ತಿ ಹಳತಾಗಿಸುತ್ತಾರೆ. ಇಲ್ಲೊಂದು ವಿಪರ್ಯಾಸವಿದೆ. ಸಂಗ್ರಾಹಕ ಹಂಬಲಿಸುವುದು ಬಳಕೆಯ ಗುರುತನ್ನು. ಆದರೆ ಅವನು ಕೊಂಡ ದಿನವೇ ಬಳಕೆ ನಿಂತುಹೋಗುತ್ತದೆ.

ನಮ್ಮ ಕರಾವಳಿಯೂ ಈ ಕಥೆಗೆ ಹೊರತಲ್ಲ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಾಲಯ ಮರದ ಭೂತಮೂರ್ತಿಗಳಿಗೆ ಹೆಸರಾದುದು. ಆಳೆತ್ತರದ, ಅದಕ್ಕೂ ಮಿಗಿಲಾದ, ಕೆಂಪು ಹಳದಿ ಬಣ್ಣದ ಮೂರ್ತಿಗಳು ಅಲ್ಲಿ ಸಾಲಾಗಿ ನಿಂತಿವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜೀರ್ಣೋದ್ಧಾರ ನಡೆದು ಹೊಸ ಮೂರ್ತಿಗಳು ಬಂದಾಗ, ಹಳೆಯವುಗಳಲ್ಲಿ ಕೆಲವು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದವು. ಊರಿಗೆ ಹೊಸ ಮೂರ್ತಿಯಲ್ಲಿ ಶಕ್ತಿ ನೆಲೆಸಿತು. ದೆಹಲಿಗೆ ಹಳೆಯ ಮರದಲ್ಲಿ ಕಲೆ ಕಂಡಿತು. ಯಾರಿಗೂ ನಷ್ಟವಾಗದಂತೆ ನಡೆದ ಇಂಥ ಉದಾಹರಣೆಗಳು ಕಡಿಮೆ. ತುಳುನಾಡಿನ ಲೋಹದ ಮೊಗಗಳು ಹಲವು ವಿದೇಶೀ ಸಂಗ್ರಹಗಳಲ್ಲಿ ಸೇರಿಹೋಗಿವೆ. 2022ರಲ್ಲಿ ಕಾಂತಾರ ಚಲನಚಿತ್ರ ತೆರೆಕಂಡ ಮೇಲಂತೂ ಪಂಜುರ್ಲಿಯ ಮೊಗದ ಪ್ರತಿಕೃತಿಗಳು ಅಂಗಡಿಗಳಲ್ಲಿಯೂ ಅಂತರ್ಜಾಲದಲ್ಲಿಯೂ ಮಾರಾಟಕ್ಕೆ ಬಂದವು. ದೈವದ ಮೊಗವನ್ನು ಬೈಠಕ್ ಕೋಣೆಯ ಅಲಂಕಾರವಾಗಿಸುವುದು ತರವೇ ಎಂದು ದೈವಾರಾಧಕರು ಕೇಳುತ್ತಿರುವುದು ಸಹಜ.

ನಾಗೇಗೌಡರ ಸಂಗ್ರಹದ ವೈಶಿಷ್ಟ್ಯ ತಿಳಿಯುವುದು ಇಂಥ ಸನ್ನಿವೇಶದಲ್ಲಿ. ಅವರು ಮುಖವಾಡವನ್ನು ಗೋಡೆಯ ಮೇಲಿನ ಒಂಟಿ ಚೆಲುವಾಗಿ ನೋಡಲಿಲ್ಲ. ಜಾನಪದ ಲೋಕದಲ್ಲಿ ಮೊಗದ ನೆರೆಯಲ್ಲಿ ವಾದ್ಯವಿದೆ, ವೇಷವಿದೆ. ಹೊರಗೆ ಬಂದರೆ ಆಯಗಾರರ ಕಸುಬುಗಳನ್ನು ತೋರಿಸುವ ಮಾಳವಿದೆ. ಬಡಗಿ, ಕಮ್ಮಾರ, ಕುಂಬಾರರಿಲ್ಲದೆ ಊರಿಲ್ಲ, ಊರಿಲ್ಲದೆ ಮುಖವಾಡವಿಲ್ಲ ಎಂಬುದನ್ನು ನೋಡುಗ ನಡೆದಾಡುತ್ತಲೇ ತಿಳಿಯಬಹುದು. ಅದಕ್ಕೂ ಮುಖ್ಯವಾಗಿ ಅಲ್ಲೊಂದು ಬಯಲು ರಂಗಮಂದಿರವಿದೆ. ಲೋಕೋತ್ಸವದ ದಿನಗಳಲ್ಲಿ ನಾಡಿನ ಮೂಲೆಮೂಲೆಗಳಿಂದ ಕಲಾತಂಡಗಳು ಬಂದು ಕುಣಿಯುತ್ತವೆ. ಮಹಲಿನೊಳಗೆ ಮೌನವಾಗಿ ನಿಂತ ಕಲೆಗೆ ಹೊರಗೆ ಬಯಲಿನಲ್ಲಿ ಉಸಿರು ಸಿಗುತ್ತದೆ. ಹಾಡು, ಕುಣಿತಗಳನ್ನು ಧ್ವನಿ ಮತ್ತು ದೃಶ್ಯ ಸುರುಳಿಗಳಲ್ಲಿ ದಾಖಲಿಸುವ ಕೆಲಸವನ್ನೂ ಅವರು ಕೈಗೊಂಡರು. ಜಾನಪದದಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ತರಗತಿಗಳನ್ನು ಪರಿಷತ್ತು ನಡೆಸಿತು. ವಸ್ತುವನ್ನು ಉಳಿಸಿದರೆ ಸಾಲದು, ಅದನ್ನು ಬಲ್ಲವರನ್ನೂ ಉಳಿಸಬೇಕು ಎಂಬುದು ಈ ಎಲ್ಲ ಏರ್ಪಾಡುಗಳ ಹಿಂದಿನ ವಿವೇಕ.

ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾಗದು. ಗುಡಿಯಲ್ಲಿದ್ದ ಮೊಗಕ್ಕೆ ಹರಕೆ ಸಲ್ಲುತ್ತಿತ್ತು. ಮಹಲಿನಲ್ಲಿರುವ ಮೊಗಕ್ಕೆ ನೋಡುಗರ ದೃಷ್ಟಿ ಮಾತ್ರ. ಜಾತ್ರೆಯ ಕಾಲ ಬಂದಾಗ ನಡೆಯುವ ಕುಣಿತಕ್ಕೂ, ಉತ್ಸವದ ಕಾರ್ಯಕ್ರಮ ಪಟ್ಟಿಯಲ್ಲಿ ನಿಗದಿತ ನಿಮಿಷಗಳಿಗೆ ಒಗ್ಗಿಸಿದ ಕುಣಿತಕ್ಕೂ ಅಂತರವಿದೆ. ಸಂಗ್ರಹಾಲಯ ಯಾವುದೇ ಆಗಲಿ, ಹಳೆಯ ಮುಖವಾಡಗಳನ್ನು ಕೆತ್ತಿದವರ ಹೆಸರು ದೊರೆಯುವುದು ಅಪರೂಪ. ಹಾಡಿದ ಚಿಕ್ಕಮ್ಮನಿಗೆ ಪುಸ್ತಕದ ಮೇಲೆ ಸಿಕ್ಕ ಮನ್ನಣೆ ಕೆತ್ತಿದ ಆಚಾರಿಗೆ ಇನ್ನೂ ಪೂರ್ತಿಯಾಗಿ ಸಿಕ್ಕಿಲ್ಲ. ನಾಗೇಗೌಡರ ಕಾರ್ಯ ಮುಂದುವರಿಯಬೇಕಾದುದು ಈ ಬಿಂದುವಿನಿಂದ.

ಮಹಾರಾಷ್ಟ್ರದ ನೆಲದಲ್ಲಿಯೂ ಇಂಥದೇ ಒಂದು ಜೀವನವಿದೆ. ಪುಣೆಯ ದಿನಕರ ಕೇಳ್ಕರರು (1896–1990) ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಗ ರಾಜಾನ ನೆನಪಿಗೆ ದೀಪ, ಅಡಕೊತ್ತು, ಬಾಗಿಲುವಾಡ, ವಾದ್ಯಗಳನ್ನು ಆಯುಷ್ಯವಿಡೀ ಕೂಡಿಸಿದರು. 1962ರಲ್ಲಿ ಆ ಸಂಗ್ರಹವನ್ನು ಸರಕಾರಕ್ಕೆ ಒಪ್ಪಿಸಿದರು. ನಾಗೇಗೌಡರಿಗೂ ಕೇಳ್ಕರರಿಗೂ ಒಂದು ಸಾಮ್ಯವುಂಟು. ಇಬ್ಬರೂ ಕೂಡಿಸಿದ್ದನ್ನು ಸ್ವಂತಕ್ಕೆ ಇಟ್ಟುಕೊಳ್ಳಲಿಲ್ಲ, ಹರಾಜಿಗೂ ಒಡ್ಡಲಿಲ್ಲ, ಜನರಿಗೆ ಮರಳಿಸಿದರು.

ಮುಖವಾಡದ ಪರಂಪರೆಯನ್ನು ಕಾಣಲು ಇಲ್ಲಿನ ಕನ್ನಡಿಗರು ಊರಿಗೇ ಹೋಗಬೇಕೆಂದಿಲ್ಲ. ನಾಸಿಕ ಜಿಲ್ಲೆಯ ಸುರಗಾಣಾ, ಪೇಠ್ ಕಡೆಯ ಆದಿವಾಸಿ ಊರುಗಳಲ್ಲಿ, ಪಕ್ಕದ ಜವ್ಹಾರ್, ಮೋಖಾಡಾಗಳಲ್ಲಿ ಬೋಹಾಡಾ ಎಂಬ ಮುಖವಾಡದ ಉತ್ಸವ ನಡೆಯುತ್ತದೆ. ಗಣಪತಿ, ಸರಸ್ವತಿ, ನರಸಿಂಹ, ರಾವಣ ಮೊದಲಾದವರ ಮೊಗಗಳನ್ನು ತೊಟ್ಟು ರಾತ್ರಿ ದೀವಟಿಗೆಯ ಬೆಳಕಿನಲ್ಲಿ ವಾದ್ಯದ ತಾಳಕ್ಕೆ ಕುಣಿಯುತ್ತಾರೆ. ಮರದ ಮೊಗಗಳ ಜೊತೆಗೆ ಕಾಗದದ ಮುದ್ದೆಯ ಹಗುರ ಮೊಗಗಳೂ ಅಲ್ಲಿ ಬಳಕೆಯಲ್ಲಿವೆ. ನಾಸಿಕದಿಂದ ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದವರೆಗೆ ಉದ್ಯೋಗನಿಮಿತ್ತ ನೆಲೆಸಿರುವ ನಮ್ಮ ಬಾಂಧವರು ಒಮ್ಮೆ ಅದನ್ನು ನೋಡಿಬರಬೇಕು. ಸೋಮನನ್ನು ಬಲ್ಲವರಿಗೆ ಬೋಹಾಡಾ ಪರಕೀಯವೆನಿಸದು.

ಜಾನಪದ ಲೋಕ ಆರಂಭವಾದ ಮರುವರ್ಷ, 1995ರಲ್ಲಿ, ಮುಧೋಳದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ನಾಗೇಗೌಡರಿಗೆ ಸಂದಿತು. ಪಂಡಿತರ ಸಾಹಿತ್ಯದ ವೇದಿಕೆಯ ಮೇಲೆ ಹಳ್ಳಿಗರ ಪದಗಳನ್ನು ಕೂಡಿಸಿದವರು ಕುಳಿತದ್ದು ಜಾನಪದಕ್ಕೇ ಸಂದ ಗೌರವವಾಗಿತ್ತು. ಅವರು ತೀರಿಕೊಂಡ ಆರು ವರ್ಷಗಳಿಗೆ, 2011ರಲ್ಲಿ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಒಂದು ಕಾಲಕ್ಕೆ ಅಟ್ಟದ ಕಸವೆನಿಸಿದ್ದ ವಸ್ತುಗಳು, ಅಜ್ಜಿಯರ ಹರಟೆಯೆನಿಸಿದ್ದ ಕಥೆಗಳು ವಿಶ್ವವಿದ್ಯಾಲಯದ ಪಠ್ಯವಾದುವು.

ನಮ್ಮ ಓದುಗರಲ್ಲಿ ಹಲವರ ಊರಮನೆಗಳಲ್ಲಿ ಹಳೆಯ ಮರದ ಮೊಗವೋ, ಮೂರ್ತಿಯೋ, ಕೊಳಗವೋ ಇನ್ನೂ ಉಳಿದಿರಬಹುದು. ನೂರು ವರ್ಷ ಮೀರಿದ ಇಂಥ ಕಲಾವಸ್ತುಗಳು 1972ರ ಪ್ರಾಚೀನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಕಾಯಿದೆಗಿಂತ ಮೊದಲು ಮಾಡಬಹುದಾದ ಸುಲಭದ ಕೆಲಸವೊಂದಿದೆ. ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು: ಇದನ್ನು ಮಾಡಿದವರು ಯಾರು, ಯಾವ ಊರಿನವರು, ಯಾವ ಹಬ್ಬಕ್ಕೆ ಹೊರತೆಗೆಯುತ್ತಿದ್ದರು, ಆಗ ಏನು ಹಾಡುತ್ತಿದ್ದರು. ಇಷ್ಟು ಬರೆದ ಒಂದು ಚೀಟಿ ಜೊತೆಗಿದ್ದರೆ ಆ ಮರದ ತುಂಡು ಎಲ್ಲಿಗೆ ಹೋದರೂ ಅನಾಥವಾಗದು. ಊರೂರು ತಿರುಗಿ ಕೇಳಿ ಬರೆದುಕೊಂಡ ಹೆರಗನಹಳ್ಳಿಯ ಆ ಹಿರಿಯರಿಗೆ ನಾವು ಸಲ್ಲಿಸಬಹುದಾದ ನಮನ ಅದುವೇ.